ಕೀರ್ನಿ ಹೊಡೆಯದ ಗೋಲು

ಪೆಂಡಲ್ ಬೀದಿ, ಮೆಲ್ಬರ್ನ್
8 ಏಪ್ರಿಲ್ 1996, ಈಸ್ಟರ್ ಸೋಮವಾರ

ಪ್ರೀತಿಯ ಐವಿ ಆಂಟಿಗೆ,

ಸಮಾಧಿಯಿಂದ ಎದ್ದು ಬಂದ ಪ್ರಭು ನಿಮ್ಮನ್ನೂ ಲೋರ್ನಾಳ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ನೀವು ಮಗಳ ಮನೆಗೆಂದು ಮಿಲ್ಡುರಾಕ್ಕೆ ಹೋಗಿ ಎರಡು ಚಳಿಗಾಲ ಕಳೆಯಿತು. ಕ್ರಿಸ್‌ಮಸ್ ಕಾರ್ಡಿನ ಹಿಂದೆ ವಿಳಾಸ ಬರೆದಿರದಿದ್ದರೆ ಈ ಕಾಗದವನ್ನು ಎಲ್ಲಿಗೆ ಹಾಕಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷ ಮೈದಾನದ ಅಂಚಿನ ಒಂದೇ ಕಂಬಿಗೆ ಮೊಣಕೈ ಊರಿ ನಿಂತವರು ನಾವು. ನಿಮ್ಮ ಗಂಡ ಹೋದ ಸುದ್ದಿ, ಲೋರ್ನಾಳ ಹೆರಿಗೆ, ನನ್ನ ಸೊಂಟನೋವು, ಎಲ್ಲವೂ ಆ ಕಂಬಿಯ ಹತ್ತಿರವೇ ಆಡಿದ್ದು. ಆದರೂ ಒಂದು ದಿನ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ನಮ್ಮವರ ರೂಢಿಯೇ ಹಾಗೆ. ಶನಿವಾರ ಪಂದ್ಯ ಮುಗಿಯುವ ಸೈರನ್ ಆದ ಮೇಲೆ "ಮುಂದಿನ ಪಂದ್ಯಕ್ಕೆ ಸಿಗೋಣ" ಅಂದರೆ ಮುಗಿಯಿತು.

ಈಗ ವಿಷಯ. ಕ್ಲಬ್ಬಿನವರು ಹೇಳಿಬಿಟ್ಟರು. ಆಗಸ್ಟ್ ಇಪ್ಪತ್ತನಾಲ್ಕರ ಶನಿವಾರ ಪೆಂಡಲ್ ಬೀದಿ ಮೈದಾನದಲ್ಲಿ ಕೊನೆಯ ಪಂದ್ಯ. ಮುಂದಿನ ವರ್ಷದಿಂದ ನಮ್ಮ ಫುಟ್‌ಬಾಲ್ ತಂಡ ಪೇಟೆಯ ದೊಡ್ಡ ಕ್ರೀಡಾಂಗಣದಲ್ಲಿ ಆಡುತ್ತದಂತೆ. ಅಲ್ಲಿ ಎಲ್ಲರಿಗೂ ಕುರ್ಚಿ, ಕುರ್ಚಿಗೊಂದು ನಂಬರು. ನಿಲ್ಲುವ ಹಾಗೇ ಇಲ್ಲ. ಸ್ಟೇಷನ್ ಕಡೆಯ ಗೋಲುಕಂಬಗಳ ಹಿಂದೆ, ನೀವು ಎರಡು ಬಿಯರ್ ಡಬ್ಬಿ ಮಗುಚಿ ಹಾಕಿ ಅವುಗಳ ಮೇಲೆ ಹತ್ತಿ ಅಂಪೈರನ ವಂಶವನ್ನೆಲ್ಲ ಜಾಲಾಡುತ್ತಿದ್ದ ಜಾಗದಲ್ಲಿ ಮನೆಗಳು ಏಳುತ್ತವಂತೆ.

ಆಂಟಿ, ಆ ದಿನ ನೀವು ಬರಬೇಕು. ನಿಮ್ಮ ಜಾಗದಲ್ಲಿ ಬೇರೆ ಯಾರೋ ನಿಂತು ಈ ಮೈದಾನ ಮುಚ್ಚುವುದು ನನಗೆ ಬೇಡ. ಬೆಳಿಗ್ಗೆಯೇ ಹೋಗಿ ನಮ್ಮ ತಂಡದ ಹಸಿರು-ಬಿಳಿ ಮಫ್ಲರ್ ಕಂಬಿಗೆ ಕಟ್ಟಿ ಬರುತ್ತೇನೆ. ಮಫ್ಲರ್ ಕಟ್ಟಿದ ಜಾಗವನ್ನು ಈವರೆಗೆ ಯಾರೂ ಮುಟ್ಟಿಲ್ಲ.

ಶನಿವಾರ ಸೋತೆವು. ಹಿಂದುಗಡೆ ಗೋಲು ಕಾಯುವವರು ಬರೀ ಜರಡಿ.

ನಿಮ್ಮ
ನೋಲಾ ಹ್ಯಾನ್ರಹನ್


ಮಿಲ್ಡುರಾ
22 ಏಪ್ರಿಲ್ 1996

ನೋಲಾ,

ಕಾಗದ ಬಂತು. ಕೈಬೆರಳು ಸೆಟೆದುಕೊಂಡಿವೆ, ಅದಕ್ಕೆ ನಾನು ಹೇಳಿದ್ದನ್ನು ಲೋರ್ನಾ ಟೈಪ್ ಮಾಡುತ್ತಿದ್ದಾಳೆ. ಅವಳ ಮುಂದೆ ಅಂಪೈರ್‌ಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುವಂತಿಲ್ಲ, ಆದ್ದರಿಂದ ಚಿಕ್ಕದು.

ಬರುವ ವಿಷಯ ಈಗಲೇ ಹೇಳಲಾರೆ. ದೂರದ ಹಾದಿ. ಪಂದ್ಯಗಳನ್ನು ಇಲ್ಲಿ ಟಿವಿಯಲ್ಲಿ ನೋಡುತ್ತೇನೆ.

ಕ್ಲೆಮ್ ಬಗ್ಗೆ ನೀನು ಒಂದು ಸಾಲೂ ಬರೆಯಲಿಲ್ಲ. ನಿನ್ನ ಗಂಡ ಇನ್ನೂ "ಲೇ ಬಿಳಿ ಹುಳಾ!" ಅಂತ ಕೂಗ್ತಾನಾ? ಬಿಳಿ ಬಟ್ಟೆಯ ಅಂಪೈರ್‌ಗಳನ್ನು ಊರಿಗೆ ಊರೇ ಹಾಗೆ ಕರೆಯುತ್ತದೆ. ಆದರೆ ಕ್ಲೆಮ್ ಕೂಗಿದರೆ ಸ್ಟೇಷನ್‌ನಲ್ಲಿ ರೈಲಿಗೆ ಕಾಯುವವರೂ ತಿರುಗಿ ನೋಡುತ್ತಿದ್ದರು. ಒಂದೊಂದು ಕೂಗಿಗೂ ನೀನು ಅವನ ತೋಳು ಚಿವುಟಿ ಪ್ರಾಯಶ್ಚಿತ್ತಕ್ಕೆ ಒಂದೊಂದು ನಮೋ ಮರಿಯಾ ಜಪ ಹೇಳಿಸುತ್ತಿದ್ದೆ. ಸೋಲುವ ದಿನ ಪೂರ್ತಿ ಜಪಸರವೇ ಮುಗಿದುಹೋಗುತ್ತಿತ್ತು. ನಾನು ಜಪಸರ ಹಿಡಿಯದ ಮೆಥಡಿಸ್ಟ್ ಆದದ್ದು ಎಷ್ಟು ಒಳ್ಳೆಯದಾಯಿತು ಅಂತ ಆಗ ಅನ್ನಿಸುತ್ತಿತ್ತು.

ಐವಿ ಪ್ರೌಸ್


ಪೆಂಡಲ್ ಬೀದಿ
12 ಮೇ 1996

ಪ್ರೀತಿಯ ಐವಿ ಆಂಟಿಗೆ,

ಟೈಪ್ ಮಾಡಿದ ಕಾಗದ ಒಡೆದಾಗ ವಿದ್ಯುತ್ ಕಚೇರಿಯ ನೋಟಿಸೇನೋ ಅಂದುಕೊಂಡೆ. ಕೆಳಗೆ "ಐವಿ ಪ್ರೌಸ್" ಅಂತ ಪೂರ್ತಿ ಹೆಸರು ಬೇರೆ. ನಾನೇನು ಪರಕೀಯಳೇ? ತಪ್ಪು ತಿಳಿಯಬೇಡಿ. ಹಳ್ಳಿ ಶಾಲೆಯಲ್ಲಿ ಕನ್ಯಾಸ್ತ್ರೀಯರ ಹತ್ತಿರ ಓದಿದವಳು ನಾನು, ಮನಸ್ಸಿನಲ್ಲಿದ್ದದ್ದನ್ನು ಹಾಗೇ ಬರೆಯುವುದನ್ನಷ್ಟೇ ಅವರು ಕಲಿಸಿದ್ದು.

ಕ್ಲೆಮ್ ಬಗ್ಗೆ ಕೇಳಿದಿರಿ. ಈಗ ಸುಮ್ಮನಾಗಿದ್ದಾರೆ. ನಮೋ ಮರಿಯಾ ಹೇಳಿಸುವ ಕೆಲಸ ನನಗಿಲ್ಲ.

ನಿನ್ನೆ ಕಂಬಿಯ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಮುಚ್ಚುತ್ತಾರೆಂದು ಗೊತ್ತಾದ ಮೇಲೆ ಊರೆಲ್ಲ ಬರುತ್ತಿದೆ. ಪಂದ್ಯದ ಮೂರನೆಯ ಕಾಲುಭಾಗದಲ್ಲಿ ಗಾಳಿ ನಮ್ಮ ಕಡೆಗಿತ್ತು, ಸಾಲಾಗಿ ಐದು ಗೋಲು ಬಿದ್ದವು. ಆ ಕೆಂಪು ಕೂದಲಿನ ಕೀರ್ನಿ ಏಣಿಗೆ ಕಾಲಿಟ್ಟವನ ಹಾಗೆ ಮೇಲೇರಿ ಚೆಂಡು ಹಿಡಿದ.

ನಿಮಗೆ ನೆನಪಿದೆಯೋ ಇಲ್ಲವೋ, ನಾನು ಮದುವೆಯಾಗಿ ಈ ಪೇಟೆಗೆ ಬಂದ ಹೊಸತು. ಕ್ಲೆಮ್ ನನ್ನನ್ನು ಮೊದಲ ಸಲ ಕರೆತಂದು ಕಂಬಿಯ ಹತ್ತಿರ ನಿಲ್ಲಿಸಿ ಮಾಂಸದ ಪೈ ತರುತ್ತೇನೆಂದು ಹೋದವರು ಒಂದು ಗಂಟೆ ಬರಲಿಲ್ಲ. ನಾನು ಅಳುವ ಹಾಗಿದ್ದೆ. ನೀವು ಡಬ್ಬಿಯ ಮೇಲಿಂದ ಬಗ್ಗಿ, "ಏನಮ್ಮಾ, ಗಂಡ ಕಳೆದುಹೋದ್ನಾ? ಹೋಗ್ಲಿ ಬಿಡು, ಪೈ ಸಿಕ್ಕಿದ್ರೆ ಸಾಕು" ಅಂದಿರಿ. ನಿಮ್ಮ ಕೋಟಿನೊಳಕ್ಕೆ ನನ್ನನ್ನು ಸೇರಿಸಿಕೊಂಡಿರಿ. ಒದ್ದೆ ಉಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಧೈರ್ಯ ಬರುತ್ತದೆ. ಅದಕ್ಕೇ ಬನ್ನಿ ಅನ್ನುವುದು.

ನಿಮ್ಮ ನೋಲಾ


ಮಿಲ್ಡುರಾ
26 ಮೇ 1996

ನೋಲಾ ಪುಟ್ಟಿ,

ಪೂರ್ತಿ ಹೆಸರು ಲೋರ್ನಾಳ ಕೆಲಸ. ಅವಳಿಗೆ ಬೈದಿದ್ದೇನೆ. ಬೈದದ್ದನ್ನೂ ಅವಳೇ ಟೈಪ್ ಮಾಡುತ್ತಿದ್ದಾಳೆ.

ಕ್ಲೆಮ್ ಸುಮ್ಮನಾದನೇ! ಅಂತೂ ನೀನು ಗೆದ್ದೆ. ಅವನನ್ನು ಸಂತ ಮಾಡಿ ಗೂಡಿನಲ್ಲಿ ಕೂರಿಸಿಬಿಡು. ನಾನಂತೂ ನಂಬುವುದಿಲ್ಲ. ಒಂದು ಕೆಟ್ಟ ತೀರ್ಪು ಸಿಗಲಿ, ಸಂತನ ಬಾಯಿಂದ ಏನು ಬರುತ್ತದೋ ನೋಡು.

ಆಗಸ್ಟ್‌ಗೆ ಬರಲಾಗುವುದು ಕಷ್ಟ. ಮೊಣಕಾಲು ಸರಿಯಿಲ್ಲ. ಲೋರ್ನಾ ಬಿಡುವುದೂ ಇಲ್ಲ. ನೀನು ಹೋಗಿ ನೋಡಿ ನನಗೆ ಬರೆ. ನಿನ್ನ ಕಾಗದವನ್ನು ಲೋರ್ನಾ ಎರಡೆರಡು ಸಲ ಓದಿ ಹೇಳುತ್ತಾಳೆ. ಇದಕ್ಕಿಂತ ಹೆಚ್ಚು ಏನು ಬೇಕು?

ಐವಿ


ಪೆಂಡಲ್ ಬೀದಿ
16 ಜೂನ್ 1996, ಭಾನುವಾರ

ಪ್ರೀತಿಯ ಐವಿ ಆಂಟಿಗೆ,

ಮೊದಲು ಕೈ ಅಂದಿರಿ, ಆಮೇಲೆ ಮೊಣಕಾಲು. ಬರಲು ಇಷ್ಟವಿಲ್ಲದಿದ್ದರೆ ಹಾಗೇ ಹೇಳಿಬಿಡಿ, ನಾನು ಇನ್ನು ಕೇಳುವುದಿಲ್ಲ.

ಆದರೂ ನಿನ್ನೆಯದನ್ನು ನಿಮಗೆ ಬರೆಯದೆ ಇರಲಾರೆ. ಎಂಥ ಮಳೆ, ಎಂಥ ಕೆಸರು! ಕೊನೆಯ ಗಳಿಗೆಯಲ್ಲಿ ನಾಲ್ಕು ಅಂಕ ಹಿಂದೆ ಇದ್ದೆವು, ಒಂದು ಗೋಲಿನ ಆರು ಅಂಕ ಸಿಕ್ಕರೆ ಗೆದ್ದೆವು. ಚೆಂಡು ನಮ್ಮ ಗೋಲುಕಂಬಗಳ ಮುಂದೆಯೇ ಬಿತ್ತು. ಕೀರ್ನಿ ಕೆಸರಿನಿಂದ ಎದ್ದು, ಎಂದಿನಂತೆ ಎಡಗಾಲಿನಲ್ಲಿ, ಕಂಬಗಳ ನಟ್ಟನಡುವೆ ಹೊಡೆದ. ಸೈರನ್ ಆಯಿತು. ನನ್ನ ಕಣ್ಣೆದುರಿಗೇ ಆದದ್ದು. ಚೆಂಡು ನನ್ನ ತಲೆಯ ಮೇಲಿಂದ ಹೋಯಿತು.

ನೋಲಾ


ಮಿಲ್ಡುರಾ
16 ಜೂನ್ 1996, ಭಾನುವಾರ

ನೋಲಾ ಪುಟ್ಟಿ,

ನಿನ್ನ ಕಾಗದಕ್ಕೆ ಕಾಯದೆ ಬರೆಸುತ್ತಿದ್ದೇನೆ. ಕೀರ್ನಿಯ ಗೋಲು! ನಿನ್ನೆ ಸಂಜೆ ಟಿವಿಯಲ್ಲಿ ಈ ಎರಡು ಕಣ್ಣಿನಿಂದ ನೋಡಿದೆ. ಏನು ಎಡಗಾಲು ಅವನದು! ಕೂದಲು ಕೆಸರಿನಲ್ಲೂ ಕೆಂಪಗೆ ಉರಿಯುತ್ತಿತ್ತು. ನೀನು ಕ್ಯಾಮೆರಾದಲ್ಲಿ ಕಾಣುತ್ತೀಯೇನೋ ಅಂತ ನೋಡಿದೆ, ಕಾಣಲಿಲ್ಲ. ಕ್ಲೆಮ್‌ಗೆ ಹೇಳು, ನಾನಿಲ್ಲಿ ಕುರ್ಚಿಯಿಂದ ಎದ್ದು ಕುಣಿದೆ.

ಐವಿ


ಪೆಂಡಲ್ ಬೀದಿ
23 ಜೂನ್ 1996

ಪ್ರೀತಿಯ ಐವಿ ಆಂಟಿಗೆ,

ಇದನ್ನು ಕೂತು ಕೇಳಿ.

ನಿನ್ನೆ ಪಾಪನಿವೇದನೆಗೆ ಹೋಗಿದ್ದೆ. "ಫಾದರ್, ನೋಡದ ಗೋಲನ್ನು ಕಣ್ಣೆದುರಿಗೇ ನೋಡಿದೆ ಅಂತ ಒಬ್ಬರಿಗೆ ಕಾಗದ ಬರೆದುಬಿಟ್ಟೆ" ಅಂದೆ. ಜಾಲರಿಯ ಆಚೆ ಫಾದರ್ ಮೋರನ್ ಕುರ್ಚಿ ಹತ್ತಿರಕ್ಕೆ ಎಳೆದರು. ಆಮೇಲೆ, "ಯಾವ ಗೋಲಮ್ಮ?" ಅಂದರು.

"ಕೀರ್ನಿ ಹೊಡೆದದ್ದು, ಕೊನೇದು."

"ಅದು ಕೀರ್ನಿ ಅಲ್ವಲ್ಲಮ್ಮ. ಡಾಸನ್. ಕೀರ್ನಿ ಕಾಲುಳುಕಿ ಆಗ್ಲೇ ಹೊರಗೆ ಬೆಂಚ್ ಮೇಲೆ ಕೂತಿದ್ದ. ನಾನಲ್ಲೇ ಇದ್ದೆ. ಡಾಸನ್ ಹೊಡೆದಿದ್ದು ಬಲಗಾಲಲ್ಲಿ."

ಇಬ್ಬರಿಗೂ ಕೆಂಪು ಕೂದಲು. ಬೆನ್ನಿನ ನಂಬರು ಕೆಸರಿನಲ್ಲಿ ಮುಚ್ಚಿಹೋಗಿತ್ತು. ರೇಡಿಯೋದಲ್ಲಿ ಪಂದ್ಯದ ವಿವರ ಹೇಳುವವನು ದೂರದ ಗೂಡಿನಲ್ಲಿ ಕೂತು ಡಾಸನ್‌ನನ್ನು ಕೀರ್ನಿ ಅಂದುಬಿಟ್ಟ. ಮೈದಾನದಲ್ಲಿದ್ದವರಿಗೆಲ್ಲ ಗೊತ್ತು, ಟಿವಿ ನೋಡಿದವರಿಗೆಲ್ಲ ಗೊತ್ತು. ಕೀರ್ನಿ ಹೊಡೆದ ಎಂದು ನಂಬಿದವರು ಬರೀ ರೇಡಿಯೋ ಕೇಳಿದವರು.

ಮನೆಗೆ ಬಂದು ನಿಮ್ಮ ಕಾಗದವನ್ನು ಮತ್ತೆ ತೆಗೆದೆ. "ಈ ಎರಡು ಕಣ್ಣಿನಿಂದ ನೋಡಿದೆ, ಏನು ಎಡಗಾಲು!" ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಟಿವಿ ಎದುರಿಗಿದ್ದೂ ನೀವು ಯಾಕೆ ರೇಡಿಯೋ ಕೇಳುತ್ತೀರಿ, ಆಂಟಿ?

ಮೊದಲು ನನ್ನದು ಹೇಳುತ್ತೇನೆ. ಈ ವರ್ಷ ನಾನು ಒಂದು ಪಂದ್ಯಕ್ಕೂ ಹೋಗಿಲ್ಲ. ಹೋದ ಅಕ್ಟೋಬರ್‌ನಲ್ಲಿ ಕ್ಲೆಮ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಬಾಯಿ ಒಂದು ಕಡೆಗೆ ತಿರುಗಿತು. ಮಾತು ಪೂರ್ತಿ ಹೋಯಿತು. ನನ್ನ ಹೆಸರನ್ನೂ ಹೇಳಲಾರರು. ಪಂದ್ಯಗಳ ಋತು ಮುಗಿದ ಮೇಲೆ ಆದದ್ದರಿಂದ ಕಂಬಿಯ ಹತ್ತಿರದ ಯಾರಿಗೂ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ನೀವೆಲ್ಲ ಅವರನ್ನು ಅಯ್ಯೋ ಅನ್ನುತ್ತೀರಿ. ಅವರನ್ನು ಯಾರೂ ಅಯ್ಯೋ ಅನ್ನದ ಜಾಗ ಅದೊಂದೇ ಇತ್ತು.

ಶನಿವಾರ ಅವರನ್ನು ಕಿಟಕಿಯ ಹತ್ತಿರ ಕೂರಿಸುತ್ತೇನೆ. ಜನರ ಕೂಗು ಮೊದಲು ಕಿಟಕಿಯಿಂದ ಬರುತ್ತದೆ, ಏನಾಯಿತೆಂದು ರೇಡಿಯೋದವನು ಆಮೇಲೆ ಹೇಳುತ್ತಾನೆ. ಆ ನಡುವಿನ ಗಳಿಗೆಯಲ್ಲಿ ಕ್ಲೆಮ್‌ರ ಮುಖ ನೋಡಲು ನನ್ನಿಂದಾಗುವುದಿಲ್ಲ. ನೀವು ಬಂದರೆ ಅವರೂ ಹೊರಟಾರು ಎಂಬ ಆಸೆಗೆ ನಿಮ್ಮನ್ನು ಇಷ್ಟು ಕಾಡಿದ್ದು.

ಈಗ ನಿಮ್ಮದು ಹೇಳಿ.

ನಿಮ್ಮ ನೋಲಾ


ಮಿಲ್ಡುರಾ
1 ಜುಲೈ 1996

ನೋಲಾ ಪುಟ್ಟಿ,

ಲೋರ್ನಾ ನಿನ್ನ ಕಾಗದ ಓದುತ್ತಾ ಓದುತ್ತಾ ಎದ್ದುಹೋದಳು. ಒಲೆಯ ಮೇಲೆ ಏನೋ ಇದೆ ಅಂದಳು. ಏನೂ ಇರಲಿಲ್ಲ.

ಕೈಯೂ ಚೆನ್ನಾಗಿದೆ, ಮೊಣಕಾಲೂ ಚೆನ್ನಾಗಿದೆ. ಕಣ್ಣು ಹೋಗಿದೆ. ಅಂಚಿನಲ್ಲಿ ಒಂದಿಷ್ಟು ಬೆಳಕು ಬಿಟ್ಟರೆ ನಡುವೆ ಬರೀ ಹೊಗೆ. ಮನುಷ್ಯರ ಮುಖ ಕಾಣದೆ ಒಂದು ವರ್ಷವಾಯಿತು. ಡಬ್ಬಿ ಹತ್ತಿ ನಿಂತು ಅಂಪೈರ್‌ಗೆ "ಕಣ್ಣಿಲ್ವೇನೋ ಕುರುಡಾ!" ಅಂತ ನಲವತ್ತು ವರ್ಷ ಕೂಗಿದವಳು ನಾನು. ಈಗ ನಾನೇ ಕೋಲು ತಟ್ಟಿಕೊಂಡು ಆ ಗೇಟಿನಲ್ಲಿ ಬಂದರೆ ಜನ ಏನನ್ನುತ್ತಾರೆ? ನೀನಾದರೂ ನನ್ನನ್ನು ಡಬ್ಬಿಯ ಮೇಲೆ ನಿಂತವಳಾಗಿಯೇ ನೆನಪಿಟ್ಟುಕೊಳ್ಳಲಿ ಅಂತ ಸುಮ್ಮನಿದ್ದೆ.

ಹಾಳು ರೇಡಿಯೋದವನು ಇಬ್ಬರ ಮಾನವನ್ನೂ ಒಟ್ಟಿಗೇ ಕಳೆದ.

ಕೇಳು. ನೀನು ಕ್ಲೆಮ್‌ನನ್ನು ಕರೆತಂದರೆ ನಾನು ಬರುತ್ತೇನೆ. ಇಲ್ಲದಿದ್ದರೆ ಇಲ್ಲ. ಕುರುಡಿಯೊಬ್ಬಳೇ ಅಲ್ಲಿ ನಿಲ್ಲಲಾರಳು. ಪಕ್ಕದಲ್ಲಿ ಇನ್ನೊಬ್ಬ ಕೆಟ್ಟುಹೋದವನು ಬೇಕು.

ಐವಿ


ಪೆಂಡಲ್ ಬೀದಿ
21 ಜುಲೈ 1996

ಪ್ರೀತಿಯ ಐವಿ ಆಂಟಿಗೆ,

ತಡವಾಗಿ ಬರೆಯುತ್ತಿದ್ದೇನೆ. ಒಳ್ಳೆಯ ಸುದ್ದಿಗೆ ಕಾಯುತ್ತಿದ್ದೆ, ಅದು ಬರಲೇ ಇಲ್ಲ.

ಮೊದಲ ಸಲ ಕೇಳಿದಾಗ ಕ್ಲೆಮ್ ಗೋಡೆಗೆ ಮುಖ ತಿರುಗಿಸಿದರು. ಎರಡನೆಯ ಸಲ ಮಫ್ಲರ್ ಹೆಗಲಿಗೆ ಹಾಕಿದೆ, ಎಡಗೈಯಿಂದ ಕಿತ್ತು ನೆಲಕ್ಕೆ ಎಸೆದರು. ತಿರುಗಿದ ಬಾಯಿ, ಒರೆಸುವ ಬಟ್ಟೆ, ಗಾಲಿಕುರ್ಚಿ, ಇದನ್ನೆಲ್ಲ ಅವರ ಸ್ನೇಹಿತರು ನೋಡಬೇಕೇ? ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಎಸೆಯುತ್ತಿದ್ದೆನೇನೋ. ದೇವಮಾತೆಗೆ ಒಂಬತ್ತು ದಿನದ ಪ್ರಾರ್ಥನೆ ಹಿಡಿದೆ. ಮುಗಿದ ಮೇಲೂ ಅವರು ಗೋಡೆಯ ಕಡೆಗೇ ಇದ್ದರು. ನಾನು ಆ ತಾಯಿಯ ಮೇಲೂ ಸ್ವಲ್ಪ ಮುನಿಸಿಕೊಂಡೆ, ಕ್ಷಮಿಸಲಿ.

ನಿನ್ನೆ ಬೇರೆ ದಾರಿ ಕಾಣದೆ ನಿಮ್ಮ ಕಾಗದವನ್ನೇ ಓದಿ ಹೇಳಿದೆ. ಕೀರ್ನಿಯ ಗೋಲಿನ ಕಥೆಯನ್ನೂ ಹೇಳಿದೆ. ಬೆನ್ನು ನನ್ನ ಕಡೆಗೇ ಇತ್ತು, ಆದರೆ ಭುಜ ಅಲುಗಿತು. ನಗುತ್ತಿದ್ದರು ಅಂತ ಕಾಣುತ್ತದೆ. ಆಗ ಹೇಳಿದೆ: "ಕ್ಲೆಮ್, ಐವಿಗೆ ನಿಮ್ಮ ಮುಖ ಕಾಣಲ್ಲ. ಅವರಿಗೆ ನೀವು ಈಗ್ಲೂ ಹಳೇ ಕ್ಲೆಮ್ಮೇ."

ಆಮೇಲೆ ಎಡಗೈ ಎತ್ತಿ ಬಾಗಿಲ ಹಿಂದಿನ ಮೊಳೆ ತೋರಿಸಿದರು. ಅಲ್ಲಿ ಅವರ ಕೋಟು ಇದೆ.

ಬರುತ್ತಾರೋ ಇಲ್ಲವೋ ಇನ್ನೂ ಹೇಳಲಾರೆ. ಕೋಟಿಗೆ ಬಿಸಿಲು ಕಾಣಿಸಿದ್ದೇನೆ.

ನಿಮ್ಮ ನೋಲಾ


ಮಿಲ್ಡುರಾ
5 ಆಗಸ್ಟ್ 1996

ನೋಲಾ ಪುಟ್ಟಿ,

ಲೋರ್ನಾ ಬಸ್ಸಿಗೆ ಟಿಕೆಟ್ ತೆಗೆದಳು. ಅವಳೇ ಕರೆತರುತ್ತಾಳೆ. ಪಂದ್ಯ ಮುಗಿದ ಕೂಡಲೇ ವಾಪಸ್ ಬಸ್ಸು ಹಿಡಿಯಬೇಕು, ಹರಟೆಗೆ ಹೊತ್ತಿಲ್ಲ. ಎರಡು ಡಬ್ಬಿ ತಯಾರಿಟ್ಟಿರು. ಕಾಣದಿದ್ದರೇನು, ನನಗೆ ಎತ್ತರದಲ್ಲಿ ನಿಂತೇ ಅಭ್ಯಾಸ.

ಕ್ಲೆಮ್ ಬರದಿದ್ದರೆ ಅವನ ಕೋಟನ್ನಾದರೂ ತಾ.

ಐವಿ


ಮಿಲ್ಡುರಾ
28 ಆಗಸ್ಟ್ 1996

ನೋಲಾ ಪುಟ್ಟಿ,

ಮನೆ ಸೇರಿದೆವು. ಗಂಟಲು ಇನ್ನೂ ಬಂದಿಲ್ಲ. ಲೋರ್ನಾ ನನ್ನ ಪಿಸುಮಾತು ಕೇಳಿ ಟೈಪ್ ಮಾಡುತ್ತಿದ್ದಾಳೆ, ಅವಳಿಗೆ ಈ ಶಾಂತಿ ಇಷ್ಟವಾಗಿದೆ.

ನನಗೇನೂ ಕಾಣಲಿಲ್ಲ, ಆದರೆ ಎಲ್ಲವೂ ಇತ್ತು. ರೈಲಿನ ಕೀರಲು, ಸೀಗಲ್ ಹಕ್ಕಿಗಳ ಜಗಳ, ಪೈ ಮೇಲಿನ ಬಿಸಿ ಸಾಸು, ನಿನ್ನ ಕೋಟಿನ ಒದ್ದೆ ಉಣ್ಣೆ. ಈ ಸಲ ನಿನ್ನ ಕೋಟಿನೊಳಗೆ ನಾನು ಸೇರಿಕೊಂಡೆ. ಆಟಗಾರರು ಕಾಗದದ ದೊಡ್ಡ ಬ್ಯಾನರ್ ಹರಿದುಕೊಂಡು ಒಳಗೆ ಓಡಿಬಂದ ಸದ್ದು ಕೇಳಿ ಮೈ ಜುಮ್ಮೆಂದಿತು. ಅದೂ ಕೊನೆಯದಲ್ಲವೇ.

ಕ್ಲೆಮ್‌ನನ್ನು ತಳ್ಳಿಕೊಂಡು ನೀನು ಬಂದಾಗ ಕಂಬಿಯ ಹತ್ತಿರ ಒಂದು ಗಳಿಗೆ ಎಲ್ಲರ ಮಾತೂ ನಿಂತಿತು. ಆಗ ಆ ಮೀನಂಗಡಿಯ ಸ್ಟಾವ್ರೋ ಹೇಳಿದನಲ್ಲ, "ಏನೋ ಕ್ಲೆಮ್, ನಾವೆಲ್ಲ ಕಾಲು ಸವೆಸ್ಕೊಂಡು ನಿಂತಿರೋವಾಗ ನಿಂಗೊಬ್ಬಂಗೆ ಕುರ್ಚಿನಾ? ಯಾವಾಗಿಂದ ಅಷ್ಟು ದೊಡ್ಡ ಮನುಷ್ಯ ಆದೆ?" ಎಲ್ಲರೂ ನಕ್ಕು ಜಾಗ ಬಿಟ್ಟರು. ಅಯ್ಯೋ ಅಂದವರು ಯಾರೂ ಇಲ್ಲ. ಆ ಸ್ಟಾವ್ರೋನ ಮೀನಿನ ತೂಕ ಯಾವತ್ತೂ ಸರಿಯಿರಲಿಲ್ಲ, ಆದರೂ ಅವನಿಗೆ ಸ್ವರ್ಗ ಸಿಗಲಿ.

ನೀನು ಪಂದ್ಯವನ್ನು ಕಿವಿಯಲ್ಲಿ ಹೇಳುತ್ತಲೇ ಇದ್ದೆ. ರೇಡಿಯೋದವನಿಗಿಂತ ನೀನೇ ವಾಸಿ, ಹೆಸರಾದರೂ ಸರಿಯಾಗಿ ಹೇಳಿದೆ. ಸೋತದ್ದಕ್ಕೆ ಬೇಜಾರಿಲ್ಲ. ಸೋಲು ನೋಡಿಯೇ ಬೆಳೆದ ಮೈದಾನ ಅದು.

ಒಂದು ವಿಷಯ ಮಾತ್ರ ಅಲ್ಲಿ ಹೇಳಲಿಲ್ಲ, ಈಗ ಹೇಳುತ್ತೇನೆ. ಕೊನೆಯ ಕಾಲುಭಾಗದಲ್ಲಿ ಅಂಪೈರ್ ನಮ್ಮ ಡಾಸನ್ ಮೇಲೆ ಅನ್ಯಾಯದ ತೀರ್ಪು ಕೊಟ್ಟನಲ್ಲ, ಆಗ ಹಿಂದಿನ ಸಾಲಿನಿಂದ ಯಾವನೋ "ಬಿಳಿ ಹುಳಾ!" ಅಂತ ಕೂಗಿದ. ಸ್ವರ ಗೊಗ್ಗರಾಗಿತ್ತು, ಕುಡಿದಿದ್ದನೋ ಏನೋ. ಆದರೆ ಎಳೆದ ರೀತಿ ಹಳೇ ಕ್ಲೆಮ್‌ನದೇ. ಇದನ್ನು ಕೇಳಿ ನಿನ್ನ ಹೊಟ್ಟೆ ಎಷ್ಟು ಉರಿಯಿತೋ ಅಂತ ನಿನ್ನ ಕೈ ಗಟ್ಟಿಯಾಗಿ ಹಿಡಿದೆ. ನೀನು ಅಳುತ್ತಿದ್ದೆ. ನಾನು ಮಾತೆತ್ತಲಿಲ್ಲ, ಆಮೇಲೆ ಲೋರ್ನಾ ಬಸ್ಸಿಗೆ ಎಳೆದುಕೊಂಡು ಹೋದಳು. ಆ ಕುಡುಕನ ಮೇಲೆ ಬೇಜಾರು ಮಾಡಿಕೊಳ್ಳಬೇಡ, ಪುಟ್ಟಿ. ಅವನಿಗೇನು ಗೊತ್ತು.

ಐವಿ


ಪೆಂಡಲ್ ಬೀದಿ
2 ಸೆಪ್ಟೆಂಬರ್ 1996

ಪ್ರೀತಿಯ ಐವಿ ಆಂಟಿಗೆ,

ನೀವು ಕೈ ಹಿಡಿದಾಗ ನಿಮಗೆ ಗೊತ್ತಾಗಿದೆ ಅಂತಲೇ ನಾನು ತಿಳಿದಿದ್ದೆ. ಅದಕ್ಕೇ ಏನೂ ಹೇಳಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ, ಆಂಟಿ. ನಮ್ಮ ಹಿಂದೆ ಗೋಡೆ. ಕೂಗಿದ್ದು ಕ್ಲೆಮ್.

ನಿಮಗೆ ಕಾಣದ್ದನ್ನು ಬರೆಯುತ್ತೇನೆ. ತೀರ್ಪು ಬಂತು. ಅವರು ಎಡಗೈಯಿಂದ ಕಂಬಿ ಹಿಡಿದು ಮುಂದಕ್ಕೆ ಬಾಗಿದರು. ಕತ್ತಿನ ನರ ಉಬ್ಬಿತು. ಅಷ್ಟು ದಿನ ಔಷಧಿಯವರು, ವ್ಯಾಯಾಮದವರು "ನೋಲಾ ಅನ್ನಿ, ನೀರು ಅನ್ನಿ" ಅಂತ ಬೇಡಿದರೂ ಹೊರಳದ ನಾಲಿಗೆ, ಯಾರೂ ಕೇಳದೆಯೇ ಹೊರಳಿತು. ಕೂಗಿದ ಮೇಲೆ ಅವರೇ ಬೆಚ್ಚಿ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಚಿವುಟುತ್ತೇನೆ ಅಂದುಕೊಂಡಿದ್ದರು.

ಡಾಕ್ಟರನ್ನು ಕೇಳಿದೆ. ವರ್ಷಗಟ್ಟಲೆ ಬಾಯಿಗೆ ರೂಢಿಯಾದ ಬೈಗುಳ, ಹಾಡು, ಪ್ರಾರ್ಥನೆಗಳು ಹೀಗೆ ಉಳಿದುಬಿಡುವುದುಂಟಂತೆ. ಬೇರೆ ಮಾತು ಬರುತ್ತದೋ ಇಲ್ಲವೋ ಅವರು ಹೇಳಲಿಲ್ಲ. ಸದ್ಯಕ್ಕೆ ನಮ್ಮ ಮನೆಯಲ್ಲಿ ಇರುವುದು ಇದೊಂದೇ ಮಾತು. ಚಹಾ ಬೇಕಾದರೂ ಅದೇ, ಹಾಸಿಗೆ ಸರಿ ಮಾಡಬೇಕಾದರೂ ಅದೇ. ಬಿಳಿ ಕೋಟಿನ ಡಾಕ್ಟರಿಗೂ ಅದೇ ಸಿಕ್ಕಿತು. ಇಷ್ಟು ವರ್ಷ ಈ ಮಾತು ಅವರ ಬಾಯಿಂದ ಹೋಗಲಿ ಅಂತ ಪ್ರಾರ್ಥನೆ ಮಾಡಿದವಳು ನಾನು. ದೇವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಿಟ್ಟದ್ದಕ್ಕೆ ದಿನವೂ ಮಂಡಿಯೂರುತ್ತಿದ್ದೇನೆ.

ನಿನ್ನೆ ಫಾದರ್ ಮೋರನ್ ಮನೆಗೆ ಪರಮಪ್ರಸಾದ ತಂದರು. ಭಾನುವಾರದ ಬಿಳಿ ನಿಲುವಂಗಿ, ಮೇಲಿಂದ ಕೆಳಗಿನವರೆಗೂ ಬಿಳಿ. ಕ್ಲೆಮ್ ಅವರನ್ನು ನೋಡಿದರು. ತುಟಿ ಅಲುಗಿತು. ನನ್ನ ಕೈ ತಾನಾಗಿ ಚಿವುಟಲು ಕ್ಲೆಮ್‌ರ ತೋಳಿನ ಹತ್ತಿರ ಹೋಯಿತು.

ಫಾದರ್ ಬಗ್ಗಿ, "ಬಿಡಮ್ಮ, ಹೇಳ್ಲಿ. ಹೇಳು ಕ್ಲೆಮ್" ಅಂದರು.

ಕ್ಲೆಮ್ ಹೇಳಿದರು.

ಫಾದರ್ "ಆಮೆನ್" ಅಂದರು.

ಅದಕ್ಕೆ ಸಲ್ಲಬೇಕಾದ ನಮೋ ಮರಿಯಾವನ್ನು ನಾನೇ ಹೇಳಿದೆ.

ನಿಮ್ಮ
ನೋಲಾ